ಹಂದಿಜ್ವರ: ವಂಶವಾಹಿ ತಿದ್ದಿದರೆ ರೋಗ ನಿಂತೀತೆ?

ವಂಶವಾಹಿ ತಿದ್ದಿದ ಹಂದಿಯ ಮಾಂಸವನ್ನು ಆಹಾರವಾಗಿ ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತು. ಹಂದಿಗಳಲ್ಲಿ ಗರ್ಭಪಾತ ಮತ್ತು ಉಸಿರಾಟದ ತೊಂದರೆ ಉಂಟುಮಾಡುವ 'ಪಿಆರ್‌ಆರ್‌ಎಸ್' ವೈರಾಣು ಈ ತಳಿಯ ಬಳಿ ಸುಳಿಯಲಾರದು. ಹಾಗಿದ್ದರೆ ಈಶಾನ್ಯ ರಾಜ್ಯಗಳ ಹಂದಿ ಸಾಕಣೆಯನ್ನು 2020ರಿಂದ ತತ್ತರಿಸುವಂತೆ ಮಾಡಿರುವ ಆಫ್ರಿಕನ್ ಹಂದಿಜ್ವರಕ್ಕೂ ಇದೇ ಮದ್ದು ಏಕಾಗಬಾರದು? ಪ್ರಶ್ನೆ ಸಹಜವಾದುದೇ. ಉತ್ತರ ಮಾತ್ರ ಅಷ್ಟು ಸರಳವಲ್ಲ.

ಪಿಆರ್‌ಆರ್‌ಎಸ್ ವೈರಾಣು ಹಂದಿಯ ರಕ್ಷಕ ಕೋಶಗಳೊಳಗೆ ನುಗ್ಗಲು ಸಿಡಿ163 ಎಂಬ ಒಂದೇ ಪ್ರೋಟೀನನ್ನು ನೆಚ್ಚಿಕೊಂಡಿದೆ. ಅದರ ಒಂದು ತುಣುಕನ್ನು ತೆಗೆದುಹಾಕಿದರೆ ಬಾಗಿಲೇ ಮುಚ್ಚಿದಂತೆ. ಆದರೆ ಇದೇ ಪ್ರೋಟೀನು ಇಲ್ಲದ ಹಂದಿಗಳಿಗೆ ಆಫ್ರಿಕನ್ ಹಂದಿಜ್ವರದ ಸೋಂಕು ತಗುಲಿಸಿ ನೋಡಿದಾಗ ಅವೂ ಇತರ ಹಂದಿಗಳಂತೆಯೇ ರೋಗಕ್ಕೆ ತುತ್ತಾದವು. ಈ ವೈರಾಣುವಿಗೆ ಬೇರೆ ದಾರಿಗಳಿವೆ. ನೂರೈವತ್ತಕ್ಕೂ ಹೆಚ್ಚು ವಂಶವಾಹಿಗಳನ್ನು ಹೊತ್ತಿರುವ ಈ ದೈತ್ಯ ವೈರಾಣು, ಅವುಗಳಲ್ಲಿ ಹಲವನ್ನು ಹಂದಿಯ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಮಣ್ಣೆರಚಲೆಂದೇ ಬಳಸುತ್ತದೆ.

ಆಫ್ರಿಕದ ವಾರ್ಟ್‌ಹಾಗ್ ಎಂಬ ಕಾಡುಹಂದಿ ಮಾತ್ರ ಇದೇ ವೈರಾಣುವನ್ನು ಮೈಯಲ್ಲಿ ಹೊತ್ತೂ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಅದರ ಬಿಲಗಳಲ್ಲಿ ವಾಸಿಸುವ ಮೆದುಮೈಯ ಉಣ್ಣೆಗಳು ವೈರಾಣುವನ್ನು ಮರಿಗಳಿಗೆ ದಾಟಿಸುತ್ತವೆ. ಮರಿಯ ರಕ್ತದಲ್ಲಿ ಕೆಲಕಾಲ ವೈರಾಣು ಕಾಣಿಸಿಕೊಂಡು ಅಡಗುತ್ತದೆ, ಮರಿ ಸಾಯುವುದಿಲ್ಲ. ವೈರಾಣು, ಉಣ್ಣೆ, ಹಂದಿ ಈ ಮೂರೂ ಸುದೀರ್ಘ ಕಾಲ ಒಟ್ಟಿಗೆ ಬಾಳಿ ಮಾಡಿಕೊಂಡ ಒಪ್ಪಂದವಿದು. ಯುರೋಪ್ ಮತ್ತು ಏಷ್ಯಾದ ಕಾಡುಹಂದಿಯಿಂದ ಬಂದ ಸಾಕುಹಂದಿಗೆ ಈ ಒಪ್ಪಂದದ ಪರಿಚಯವೇ ಇರಲಿಲ್ಲ. ವಲಸಿಗರು ಕೀನ್ಯಾಕ್ಕೆ ತಂದ ಹಂದಿಗಳು ಸಾಲುಸಾಲಾಗಿ ಸತ್ತ ವಿವರವನ್ನು ಮಾಂಟ್‌ಗೊಮರಿ ಎಂಬ ಪಶುವೈದ್ಯ ವಿಜ್ಞಾನಿ 1921ರಲ್ಲಿ ಮೊದಲ ಬಾರಿಗೆ ದಾಖಲಿಸಿದರು.

ವಾರ್ಟ್‌ಹಾಗ್‌ನ ಗುಟ್ಟನ್ನು ಸಾಕುಹಂದಿಗೆ ವರ್ಗಾಯಿಸುವ ಯತ್ನವೂ ನಡೆಯಿತು. ಉರಿಯೂತವನ್ನು ನಿಯಂತ್ರಿಸುವ 'ರೆಲಾ' ಎಂಬ ವಂಶವಾಹಿಯಲ್ಲಿ ಎರಡೂ ಪ್ರಾಣಿಗಳ ನಡುವೆ ಸಣ್ಣ ವ್ಯತ್ಯಾಸಗಳಿರುವುದನ್ನು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಸಾಕುಹಂದಿಯಲ್ಲಿ ಸಾವಿಗೆ ಕಾರಣವಾಗುವುದು ವೈರಾಣುವಿನಷ್ಟೇ ದೇಹದ ಹದ್ದುಮೀರಿದ ಪ್ರತಿಕ್ರಿಯೆಯೂ ಹೌದಾದ್ದರಿಂದ ಈ ಸುಳಿವು ಆಶಾದಾಯಕವಾಗಿತ್ತು. ವಾರ್ಟ್‌ಹಾಗ್ ಮಾದರಿಯ ರೆಲಾ ಇರುವ ಸಾಕುಹಂದಿಗಳೂ ಹುಟ್ಟಿದವು. ಆದರೆ 2020ರಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆ ತಂದಿತು. ಅಷ್ಟು ಬದಲಾವಣೆ ಹಂದಿಗಳನ್ನು ರೋಗದಿಂದ ಪಾರುಮಾಡಲು ಸಾಲಲಿಲ್ಲ.

ಮೊಜಾಂಬಿಕ್‌ನ ಅನುಭವ ಇನ್ನಷ್ಟು ಪಾಠ ಕಲಿಸುವಂಥದು. ಅಲ್ಲಿನ ಅಂಗೋನಿಯಾ ಪ್ರದೇಶದಲ್ಲಿ ರೋಗ ಬೇರೂರಿದ್ದರೂ ಅನೇಕ ಸಾಕುಹಂದಿಗಳು ಬದುಕುಳಿದಿದ್ದವು. ಪ್ರಕೃತಿಯ ಆಯ್ಕೆ ಕೆಲಸ ಮಾಡಿದೆ ಎಂದು ಭಾವಿಸಿ ಅವುಗಳ ಮರಿಗಳನ್ನು ಪ್ರತ್ಯೇಕವಾಗಿ ಬೆಳೆಸಿ ಸೋಂಕು ತಗುಲಿಸಿದಾಗ ಬಹುತೇಕ ಎಲ್ಲವೂ ಸತ್ತವು. ತಾಯಂದಿರ ನಿರೋಧಕ ಶಕ್ತಿ ರಕ್ತದಲ್ಲಿ ಇಳಿದು ಬಂದಿರಲಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಮರೆಯುವಂತಿಲ್ಲ. ವಾರ್ಟ್‌ಹಾಗ್ ವೈರಾಣುವನ್ನು ಹೊರದೂಡುವುದಿಲ್ಲ, ಸಹಿಸಿಕೊಳ್ಳುತ್ತದೆ ಅಷ್ಟೆ. ಅಂಥದೇ ಸಹನೆಯ ಸಾಕುಹಂದಿ ಸಿದ್ಧವಾದರೆ ಅದನ್ನು ಸಾಕಿದವನಿಗೆ ಲಾಭ, ಪಕ್ಕದ ಊರಿನ ಸಾಮಾನ್ಯ ಹಂದಿಗಳಿಗೆ ಮೃತ್ಯು. ಅಸ್ಸಾಂನ ಮಾನಸ್ ಕಾಡಿನ ಅಪರೂಪದ ಕುಬ್ಜ ಹಂದಿಗೂ ಅದು ಗಂಡಾಂತರವೇ. ಬಾಗಿಲು ಮುಚ್ಚಿಕೊಂಡ ಅಮೆರಿಕದ ಹಂದಿಗೂ, ರೋಗ ಹೊತ್ತು ತಿರುಗುವ ಹಂದಿಗೂ ಇರುವ ಈ ಅಂತರ ಪ್ರಚಾರದ ಅಬ್ಬರದಲ್ಲಿ ಮಸುಕಾಗಬಾರದು.

ಲಸಿಕೆಯ ಮಾತು? ಇಂಟರ್‌ಫೆರಾನ್ ಎಂಬ ದೇಹದ ಎಚ್ಚರಿಕೆಯ ಗಂಟೆಯನ್ನು ಕಟ್ಟಿಹಾಕುವ ವಂಶವಾಹಿಗಳನ್ನು ಕಳಚಿದ ದುರ್ಬಲ ವೈರಾಣುವೊಂದನ್ನು ವಿಯೆಟ್ನಾಂ 2023ರಲ್ಲಿ ವಾಣಿಜ್ಯ ಬಳಕೆಗೆ ಒಪ್ಪಿತು. ಅದಕ್ಕೂ ಮೊದಲು, 2022ರಲ್ಲಿ, ಇನ್ನೊಂದು ಲಸಿಕೆ ಪಡೆದ ಹಂದಿಗಳು ಸತ್ತು ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಿ ಬಂದಿತ್ತು. ಜೀವಂತ ವೈರಾಣು ಮತ್ತೆ ಬಲ ಪಡೆದೀತೆಂಬ ಅಳುಕು ಹಲವು ದೇಶಗಳಿಗಿರುವುದು ಅಕಾರಣವಲ್ಲ.

ಸದ್ಯಕ್ಕೆ ಉಳಿದಿರುವುದು ಹಳೆಯ ದಾರಿಯೇ. ಭಾರತದ ಕ್ರಿಯಾಯೋಜನೆಯಂತೆ ರೋಗ ಕಂಡ ಸ್ಥಳದ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯ ಹಂದಿಗಳನ್ನು ಕೊಲ್ಲಲಾಗುತ್ತದೆ. ಸೋಂಕು ತಡೆಯಲು ಇದು ಅನಿವಾರ್ಯ, ಆದರೆ ಆಕಸ್ಮಿಕವಾಗಿ ತಡೆದುಕೊಳ್ಳಬಲ್ಲ ಹಂದಿಯೊಂದು ಇದ್ದರೆ ಅದೂ ಗುಂಡಿ ಸೇರುತ್ತದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಸುಮಾರು 90 ಲಕ್ಷ ಹಂದಿಗಳ ಪೈಕಿ 20 ಲಕ್ಷಕ್ಕೂ ಹೆಚ್ಚು ಅಸ್ಸಾಂ ಒಂದರಲ್ಲೇ ಇದ್ದವು. ಅವುಗಳಲ್ಲಿ ಬಹುಪಾಲು ಮನೆಯ ಹಿತ್ತಿಲಲ್ಲಿ ಎರಡು ಮೂರರಂತೆ ಸಾಕಿದವು. ಮಗಳ ಮದುವೆ, ಮಗನ ಶಾಲೆಯ ಶುಲ್ಕ ಎಲ್ಲವೂ ಆ ಹಿತ್ತಿಲನ್ನೇ ನೆಚ್ಚಿರುವಾಗ ಪರಿಹಾರಧನ ತಡವಾದರೆ ರೋಗದ ಸುದ್ದಿ ಮುಚ್ಚಿಡುವ, ಸೊರಗಿದ ಹಂದಿಯನ್ನು ರಾತ್ರೋರಾತ್ರಿ ಮಾರುವ ಪ್ರವೃತ್ತಿಗೆ ಇಂಬು ಸಿಗುತ್ತದೆ.

ರೋಗ 2022ರಲ್ಲಿ ಕೊಡಗಿಗೆ ಹೊಂದಿಕೊಂಡ ಕೇರಳದ ವಯನಾಡಿಗೂ ಕಾಲಿಟ್ಟಿತು. ಮನುಷ್ಯರಿಗೆ ತಗಲದ ಈ ವೈರಾಣು ಬೇಯದ ಮಾಂಸದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹೋಟೆಲಿನ ಮುಸುರೆ ಕುದಿಯದೆ ಹಂದಿಯ ತೊಟ್ಟಿ ಸೇರಿದರೆ ಅದಕ್ಕೆ ಉಣ್ಣೆಯ ನೆರವೂ ಬೇಡ.