ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮುಂದಿನ ಆರೈಕೆ ಹಾಗೂ ಎರಡನೇ ಶಸ್ತ್ರಚಿಕಿತ್ಸೆ ಕುರಿತ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ (ಖಾಸಗಿ ವೈದ್ಯಕೀಯ ಸಂಸ್ಥೆಗಳು),
ಚಿಕ್ಕಬಳ್ಳಾಪುರ ಜಿಲ್ಲೆ, ಚಿಕ್ಕಬಳ್ಳಾಪುರ.

ಮುಖಾಂತರ: ಮಾನ್ಯ ತಹಶೀಲ್ದಾರರು, ಗೌರಿಬಿದನೂರು ತಾಲ್ಲೂಕು.

ಇವರಿಂದ,
ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ಕುಡುಮಲಕುಂಟೆ ಮತ್ತು ಸುತ್ತಲಿನ ಗ್ರಾಮಗಳ ನಿವಾಸಿಗಳು, ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ನೌಕರರು ಹಾಗೂ ನಮ್ಮ ಕುಟುಂಬದವರು.

ವಿಷಯ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಆಜೀವ ಆರೈಕೆಯನ್ನು ತಾಲ್ಲೂಕು ಮಟ್ಟದಲ್ಲೇ ಒದಗಿಸುವ, ಮತ್ತು ವೈದ್ಯಕೀಯ ಕಾರಣಕ್ಕೆ ಬೇಕಾಗುವ ಎರಡನೇ ಶಸ್ತ್ರಚಿಕಿತ್ಸೆಗೆ ದಾಖಲೆ, ಹಣ ಹಾಗೂ ಸರ್ಕಾರಿ ಆಸ್ಪತ್ರೆಯ ನೆರವು ದೊರಕಿಸಿಕೊಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ವಿಪರೀತ ತೂಕ ಮತ್ತು ಅದರ ಬೆನ್ನಿಗೇ ಬಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ಸವೆತ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆಗಳಿಗಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಒಡವೆ ಅಡವಿಟ್ಟು, ಚೀಟಿ ಎತ್ತಿ, ಸಾಲ ಮಾಡಿ ಹಣ ಹೊಂದಿಸಿದ್ದೇವೆ. ಚಿಕಿತ್ಸೆಯಿಂದ ನಮಗೆ ಒಳ್ಳೆಯದೇ ಆಗಿದೆ. ಇನ್ಸುಲಿನ್ ಬಿಟ್ಟವರು, ಮೆಟ್ಟಿಲು ಹತ್ತುವವರು, ಮತ್ತೆ ಕೆಲಸಕ್ಕೆ ಹೋಗುವವರು ನಮ್ಮಲ್ಲಿದ್ದಾರೆ. ಆದರೆ ಆಸ್ಪತ್ರೆಯ ಹೊಣೆ ಡಿಸ್ಚಾರ್ಜ್ ದಿನಕ್ಕೆ, ವಿಮೆಯ ಹೊಣೆ ಬಿಲ್ ಪಾವತಿಗೆ ಮುಗಿಯುತ್ತದೆ. ಬದಲಾದ ಹೊಟ್ಟೆಯನ್ನಿಟ್ಟುಕೊಂಡು ಬಾಳುವ ಹೊಣೆ ಮಾತ್ರ ಜೀವನಪೂರ್ತಿ ನಮ್ಮದೇ. ಈ ಅಂತರವನ್ನು ಆಡಳಿತ ತುಂಬಿಕೊಡಬೇಕೆಂಬುದೇ ನಮ್ಮ ಮನವಿಯ ಸಾರ.

ಹಿನ್ನೆಲೆ

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಹಿಳೆಯರಲ್ಲಿ ಶೇ 30.1, ಪುರುಷರಲ್ಲಿ ಶೇ 30.9 ಮಂದಿ ಅಧಿಕ ತೂಕ ಅಥವಾ ಸ್ಥೂಲಕಾಯ ಹೊಂದಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಇದು ಕ್ರಮವಾಗಿ ಶೇ 23.3 ಮತ್ತು ಶೇ 22.1 ಇತ್ತು. ಇವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವವರು ಸ್ವಲ್ಪವೇ ಮಂದಿ. ಆದರೆ ಬೇಕಾದವರಿಗೆ ಅದು ಅಂದ ಹೆಚ್ಚಿಸಿಕೊಳ್ಳುವ ವಿಷಯವಲ್ಲ, ಆಯುಷ್ಯದ ವಿಷಯ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವು, ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು 2007ರಲ್ಲೇ ತೋರಿಸಿಕೊಟ್ಟಿದೆ.

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗಿನಿಂದ, ಊರಿನಲ್ಲಿ ನಮ್ಮನ್ನೂ ಅದೇ ಸಾಲಿಗೆ ಸೇರಿಸಿ ಮಾತನಾಡುತ್ತಾರೆ. ಅದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ನಮ್ಮದು ಜಠರ ಮತ್ತು ಕರುಳಿನ ಮೇಲೆ ಮಾಡುವ, ಕಾಯಿಲೆಗಾಗಿ ಮಾಡುವ ಶಸ್ತ್ರಚಿಕಿತ್ಸೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ಕತ್ತರಿಸಿ ತೆಗೆದು ಕಿರಿದಾದ ಕೊಳವೆಯಷ್ಟನ್ನೇ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹಿಂದೆ ಜಠರದ ಮೇಲ್ತುದಿಗೆ ಬಿಗಿಯಾದ ಬ್ಯಾಂಡ್ ತೊಡಿಸುವ ವಿಧಾನವೂ ಬಳಕೆಯಲ್ಲಿತ್ತು.

ಶಸ್ತ್ರಚಿಕಿತ್ಸೆಯ ನಂತರದ ಬದುಕು

ನಮ್ಮ ಸೀಮೆಯ ಊಟ ರಾಗಿ ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಶಸ್ತ್ರಚಿಕಿತ್ಸೆಯಾದವರು ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಒಳಹೋಗಬೇಕು. ಆಸ್ಪತ್ರೆಯಲ್ಲಿ ಕೈಗಿಟ್ಟ ಇಂಗ್ಲಿಷ್ ಪಟ್ಟಿಯಲ್ಲಿ ಓಟ್ಸ್, ಚೀಸ್, ಪ್ರೋಟೀನ್ ಪುಡಿ ಇವೆ. ನಮ್ಮ ಅಡುಗೆಮನೆಯಲ್ಲಿರುವುದು ಹುರುಳಿ, ಅವರೆ, ಸೊಪ್ಪು, ಮೊಟ್ಟೆ, ಮಜ್ಜಿಗೆ. ಬೇಳೆಕಟ್ಟು ಯಾವ ವಾರದಿಂದ, ಮೆತ್ತಗಿನ ಮುದ್ದೆ ಯಾವಾಗಿನಿಂದ, ಎಷ್ಟು, ಹೇಗೆ ಎಂದು ಕನ್ನಡದಲ್ಲಿ ಹೇಳಿದವರಿಲ್ಲ. ಮುದ್ದೆ ಸಿಕ್ಕಿಕೊಂಡು ಎದೆ ಹಿಡಿದುಕೊಂಡವರು, ಹೃದಯಾಘಾತವೆಂದು ಹೆದರಿ ರಾತ್ರಿಯಲ್ಲಿ ಗೌರಿಬಿದನೂರಿಗೆ ಓಡಿದವರು ನಮ್ಮಲ್ಲಿದ್ದಾರೆ.

ಊಟಕ್ಕಿಂತ ದೊಡ್ಡ ಚಿಂತೆ ಪೋಷಕಾಂಶಗಳದ್ದು. ಕಬ್ಬಿಣ, ಬಿ12, ಡಿ ವಿಟಮಿನ್, ಕ್ಯಾಲ್ಸಿಯಂ ಪೂರಕಗಳನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಆಗಬೇಕು. ತೂಕ ಇಳಿದ ಸಂತೋಷದಲ್ಲಿ ಅಥವಾ ಹಣದ ಅಡಚಣೆಯಲ್ಲಿ ಮಾತ್ರೆ ನಿಲ್ಲಿಸಿದವರಿಗೆ ಕೆಲವು ವರ್ಷಗಳ ನಂತರ ರಕ್ತಹೀನತೆ, ಕೈಕಾಲು ಜೋಮು, ಮೂಳೆ ನೋವು ಶುರುವಾಗುತ್ತದೆ. ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಕರಗಿಹೋಗಿ ಮೆದುಳಿಗೇ ಪೆಟ್ಟು ಬೀಳಬಹುದು. ಅಂಥವರಿಗೆ ಗ್ಲೂಕೋಸ್ ಹಾಕುವ ಮೊದಲು ಬಿ1 ಇಂಜೆಕ್ಷನ್ ಕೊಡಬೇಕು.

ಮೈಕೈ ನೋವೆಂದು ಹೋದಾಗ ಎಲ್ಲೆಡೆ ಕೊಡುವ ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳು ಬೈಪಾಸ್ ಆದವರ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು. ಬೈಪಾಸ್ ಆದ ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಂಡು ತಿರುಚಬಹುದು. ಆ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಜೀವವೇ ಹೋಗಬಹುದು. ಮೊದಲ ಒಂದೂವರೆ ವರ್ಷ ಗರ್ಭ ಧರಿಸಬಾರದೆಂಬ ಸಲಹೆ, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆಯನ್ನೇ ನೆಚ್ಚಿಕೊಳ್ಳಬಾರದೆಂಬ ಎಚ್ಚರಿಕೆ ನಮ್ಮ ಹೆಣ್ಣುಮಕ್ಕಳಿಗೆ ತಲುಪುತ್ತಿಲ್ಲ. ಶಿಫ್ಟ್ ಕೆಲಸ ಮಾಡುವವರಿಗೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಲು, ಗುಟುಕು ಗುಟುಕಾಗಿ ನೀರು ಕುಡಿಯಲು ಬಿಡುವಿಲ್ಲ.

ಎರಡನೇ ಶಸ್ತ್ರಚಿಕಿತ್ಸೆ ಏಕೆ ಬೇಕಾಗುತ್ತದೆ

ಮೊದಲ ಶಸ್ತ್ರಚಿಕಿತ್ಸೆ ಎಲ್ಲರಿಗೂ ಕೊನೆಯವರೆಗೆ ಒಗ್ಗುವುದಿಲ್ಲ. ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಅದು ಜಾರಬಹುದು, ಜಠರದ ಗೋಡೆಯನ್ನು ಕೊರೆಯಬಹುದು. ಆಗ ಅದನ್ನು ತೆಗೆದು ಸ್ಲೀವ್ ಅಥವಾ ಬೈಪಾಸ್‌ಗೆ ಬದಲಾಯಿಸುತ್ತಾರೆ. ಸ್ಲೀವ್ ಆದವರಲ್ಲಿ ಕೆಲವರಿಗೆ ಆಮ್ಲ ಮೇಲೇರಿ ಎದೆ ಉರಿ, ಹುಳಿತೇಗು, ರಾತ್ರಿ ಮಲಗಿದಾಗ ಗಂಟಲಿಗೆ ನುಗ್ಗುವ ನೀರು ವಿಪರೀತವಾಗುತ್ತದೆ. ಸ್ವಿಟ್ಜರ್ಲೆಂಡಿನ ವೈದ್ಯರು 2018ರಲ್ಲಿ ಪ್ರಕಟಿಸಿದ ಐದು ವರ್ಷಗಳ ಹೋಲಿಕೆಯಲ್ಲಿ, ಮೊದಲೇ ಇದ್ದ ಈ ತೊಂದರೆ ಉಲ್ಬಣಿಸಿದ್ದು ಸ್ಲೀವ್ ಆದವರಲ್ಲಿ ಶೇ 31.8, ಬೈಪಾಸ್ ಆದವರಲ್ಲಿ ಶೇ 6.3. ಮಾತ್ರೆಗೆ ಬಗ್ಗದಿದ್ದಾಗ ಸ್ಲೀವ್ ಅನ್ನು ಬೈಪಾಸ್‌ಗೆ ಬದಲಾಯಿಸುವುದು ಒಪ್ಪಿತ ಚಿಕಿತ್ಸೆ. ತೂಕ ಮರಳಿ, ಅದರ ಜೊತೆ ಸಕ್ಕರೆ ಕಾಯಿಲೆಯೂ ಮರಳಿದವರಿಗೂ ಇದೇ ದಾರಿ ಹೇಳುತ್ತಾರೆ.

ಹೀಗಿದ್ದರೂ ಎರಡನೆಯದಕ್ಕೆ ಹೊರಟವರನ್ನು ಮನೆಯವರೂ ಬಂಧುಗಳೂ ಕೆಲವೊಮ್ಮೆ ವೈದ್ಯಕೀಯ ಸಿಬ್ಬಂದಿಯೂ ಬಾಯಿಚಪಲದ ಮಾತೆತ್ತಿ ನೋಯಿಸುತ್ತಾರೆ. ಸ್ಥೂಲಕಾಯ ದೀರ್ಘಕಾಲದ ಕಾಯಿಲೆ. ಒಮ್ಮೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಮತ್ತೆ ಎದೆನೋವು ಬಂದರೆ ಯಾರೂ ಅವರನ್ನು ದೂರುವುದಿಲ್ಲ. ನಮಗೂ ಆ ಮರ್ಯಾದೆ ಸಲ್ಲಬೇಕು.

ಎರಡನೇ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕ್ಲಿಷ್ಟ. ಒಳಗೆಲ್ಲ ಅಂಟಿಕೊಂಡಿರುತ್ತದೆ, ಹೊಲಿಗೆ ಸೋರುವ ಅಪಾಯ ಹೆಚ್ಚು. ಮೊದಲು ಏನು ಮಾಡಿದ್ದರು, ಎಷ್ಟು ತೆಗೆದಿದ್ದರು, ಎಷ್ಟು ಉದ್ದದ ಕರುಳನ್ನು ದಾಟಿಸಿದ್ದರು ಎಂಬುದು ಹೊಸ ವೈದ್ಯರಿಗೆ ತಿಳಿಯಲೇಬೇಕು. ನಮ್ಮ ಕೈಯಲ್ಲಿರುವ ಡಿಸ್ಚಾರ್ಜ್ ಪತ್ರಗಳಲ್ಲಿ ಬಹುತೇಕ ಒಂದು ಸಾಲಿನ ಹೆಸರಷ್ಟೇ ಇದೆ. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಗಳಲ್ಲಿ ಕೊಡಬೇಕು. ಎರಡನೇ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದು ಹೆಚ್ಚಾಗಿ ಆ 3 ವರ್ಷ ಕಳೆದ ಮೇಲೆ.

ವಿಮೆಯ ಕಡೆಗೆ ನೋಡಿದರೆ, ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಏಕರೂಪದ ನಿಯಮದಂತೆ ಸ್ಥೂಲಕಾಯದ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಹೃದ್ರೋಗ, ತೀವ್ರ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥವು ಇದ್ದರೆ 35 ಸಾಕು. ಸ್ಲೀವ್‌ನಿಂದ ಬಿಎಂಐ 30ಕ್ಕೆ ಇಳಿದು, ಆಮ್ಲದಿಂದ ಅನ್ನನಾಳ ಸುಟ್ಟುಹೋಗುತ್ತಿರುವವರು ಈ ಅಳತೆಗೆ ಬರುವುದಿಲ್ಲ. ಅವರಿಗೆ ಬೇಕಿರುವುದು ತೂಕ ಇಳಿಸುವ ಚಿಕಿತ್ಸೆಯಲ್ಲ, ಅನ್ನನಾಳ ಉಳಿಸುವ ಚಿಕಿತ್ಸೆ. ಹೆಸರು ಒಂದೇ ಆದ್ದರಿಂದ ಅರ್ಜಿ ತಿರಸ್ಕೃತವಾಗುತ್ತದೆ. ಅಂತರರಾಷ್ಟ್ರೀಯ ತಜ್ಞ ಸಂಘಟನೆಗಳು 2022ರಲ್ಲಿ ತಮ್ಮ ಹಳೆಯ ಮಾನದಂಡ ಬದಲಿಸಿ, ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಹೇಳಿವೆ. ನಮ್ಮ ವಿಮೆ ಇನ್ನೂ ಹಳೆಯ ಅಳತೆಯಲ್ಲೇ ನಿಂತಿದೆ.

ನಮ್ಮ ಬೇಡಿಕೆಗಳು

1. ದಾಖಲೆ: ಶಸ್ತ್ರಚಿಕಿತ್ಸೆಯ ವಿಧಾನ, ತೆಗೆದ ಭಾಗ, ದಾಟಿಸಿದ ಕರುಳಿನ ಉದ್ದ, ಆದ ತೊಡಕುಗಳು, ಮುಂದಿನ ಪರೀಕ್ಷೆಗಳ ಪಟ್ಟಿ ಇವೆಲ್ಲ ಇರುವ ಪೂರ್ಣ ವರದಿಯನ್ನು ಡಿಸ್ಚಾರ್ಜ್ ದಿನವೇ ಕೊಡುವಂತೆ, ಆಭಾ ಆರೋಗ್ಯ ಖಾತೆಗೆ ಸೇರಿಸುವಂತೆ ಖಾಸಗಿ ಆಸ್ಪತ್ರೆಗಳಿಗೆ ಸೂಚಿಸಬೇಕು. ಇಂಥ ದಾಖಲೆಗಳನ್ನು ಶಾಶ್ವತವಾಗಿ ಕಾಪಾಡುವ ನಿಯಮಕ್ಕೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

2. ತಾಲ್ಲೂಕು ಕ್ಲಿನಿಕ್: ಗೌರಿಬಿದನೂರು ಸಾರ್ವಜನಿಕ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ತಿಂಗಳಿಗೊಂದು ದಿನ ನಮಗಾಗಿ ಮೀಸಲಿಡಬೇಕು. ಚಿಕ್ಕಬಳ್ಳಾಪುರ ಸರ್ಕಾರಿ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕರು ಮತ್ತು ಆಹಾರ ತಜ್ಞರು ಅಂದು ಬರಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ ಮೊದಲ 2 ವರ್ಷ ಶಸ್ತ್ರಚಿಕಿತ್ಸಾ ತಂಡದ ನಿಗಾ, ಆಮೇಲೆ ಆಜೀವ ವಾರ್ಷಿಕ ತಪಾಸಣೆ ಇರಬೇಕೆಂದು ಶಿಫಾರಸು ಮಾಡಿತ್ತು. ನಮಗೂ ಅಷ್ಟು ಸಿಗಲಿ.

3. ಔಷಧ ಮತ್ತು ಪರೀಕ್ಷೆ: ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ಡಿ3, ಬಿ12 ಇಂಜೆಕ್ಷನ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯಬೇಕು. ಫೆರಿಟಿನ್, ಬಿ12, ಡಿ ವಿಟಮಿನ್ ಪರೀಕ್ಷೆಗಳು ವರ್ಷಕ್ಕೊಮ್ಮೆ ಸರ್ಕಾರಿ ಪ್ರಯೋಗಾಲಯದಲ್ಲಿ ಆಗಬೇಕು.

4. ತುರ್ತು ಚಿಕಿತ್ಸೆ: ತಾಲ್ಲೂಕಿನ ವೈದ್ಯರು, ಶುಶ್ರೂಷಕರು ಮತ್ತು 108 ಸಿಬ್ಬಂದಿಗೆ ತರಬೇತಿ ಕೊಡಬೇಕು. ಯಾವ ಔಷಧ ಕೊಡಬಾರದು, ಯಾವ ಹೊಟ್ಟೆನೋವಿಗೆ ತಡಮಾಡದೆ ಸಿಟಿ ಸ್ಕ್ಯಾನ್ ಮಾಡಿಸಬೇಕು, ಎಲ್ಲಿಗೆ ಕಳಿಸಬೇಕು ಎಂಬ ಒಂದು ಪುಟದ ಸೂಚನೆ ಪ್ರತಿ ತುರ್ತು ಘಟಕದಲ್ಲೂ ಇರಬೇಕು. ನಮಗೆ ಜೇಬಿನಲ್ಲಿಟ್ಟುಕೊಳ್ಳುವ ಗುರುತಿನ ಚೀಟಿ ಕೊಡಬೇಕು.

5. ಮಾಹಿತಿ ಪುಸ್ತಿಕೆ: ರಾಗಿ, ಹುರುಳಿ, ಅವರೆ, ಸೊಪ್ಪು, ಮೊಟ್ಟೆಗಳನ್ನೇ ಆಧರಿಸಿದ ವಾರವಾರದ ಆಹಾರ ಕ್ರಮವನ್ನು ಕನ್ನಡದಲ್ಲಿ, ಗಡಿಭಾಗದವರ ಅನುಕೂಲಕ್ಕೆ ತೆಲುಗಿನಲ್ಲೂ ಮುದ್ರಿಸಬೇಕು. ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಎಚ್ಚರಿಕೆಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ತಲುಪಿಸಬೇಕು.

6. ಸರ್ಕಾರಿ ಘಟಕ ಮತ್ತು ಆರೋಗ್ಯ ಕಾರ್ಡ್: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಯಲ್ಲಿ ಎರಡನೇ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವ್ಯವಸ್ಥೆ ಮಾಡುವಂತೆ ಶಿಫಾರಸು ಮಾಡಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಬ್ಯಾಂಡ್ ತೆಗೆಯುವುದು, ಸ್ಲೀವ್‌ನಿಂದ ಬೈಪಾಸ್‌ಗೆ ಬದಲಾವಣೆ, ತೊಡಕುಗಳ ಚಿಕಿತ್ಸೆ ಇವನ್ನು ಸ್ಪಷ್ಟ ಹೆಸರಿನಲ್ಲಿ ನಮೂದಿಸುವಂತೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಬರೆಯಬೇಕು.

7. ವಿಮೆ: ತೊಡಕಿನ ಕಾರಣಕ್ಕೆ ಮಾಡುವ ಎರಡನೇ ಶಸ್ತ್ರಚಿಕಿತ್ಸೆಗೆ ಬಿಎಂಐ ಷರತ್ತು ಅನ್ವಯಿಸಬಾರದು, ಎಂಡೋಸ್ಕೋಪಿ ವರದಿ ಮತ್ತು ವೈದ್ಯರ ಪ್ರಮಾಣಪತ್ರವೇ ಆಧಾರವಾಗಬೇಕು ಎಂದು ರಾಜ್ಯ ಸರ್ಕಾರದ ಮೂಲಕ ವಿಮಾ ಪ್ರಾಧಿಕಾರಕ್ಕೆ ತಿಳಿಸಬೇಕು.

8. ನೌಕರರು: ಇಎಸ್‌ಐ ವ್ಯಾಪ್ತಿಯ ನೌಕರರಿಗೆ ಎರಡನೇ ಶಸ್ತ್ರಚಿಕಿತ್ಸೆಗೆ ತಡವಿಲ್ಲದೆ ಉನ್ನತ ಆಸ್ಪತ್ರೆಯ ರೆಫರಲ್ ಸಿಗಬೇಕು, ಕೂಲಿಯ ಶೇ 70ರ ಕಾಯಿಲೆ ಭತ್ಯೆಯೂ ಸಕಾಲಕ್ಕೆ ಬರಬೇಕು. ಕಾರ್ಖಾನೆಗಳಲ್ಲಿ ಸಣ್ಣ ಊಟ, ನೀರು, ಮಾತ್ರೆಗೆ ಐದು ಹತ್ತು ನಿಮಿಷಗಳ ಬಿಡುವು ಕೊಡುವಂತೆ ಕೈಗಾರಿಕಾ ಪ್ರದೇಶದ ಆಡಳಿತ ಮಂಡಳಿಗಳ ಸಭೆ ಕರೆದು ಸೂಚಿಸಬೇಕು.

9. ಒಪ್ಪಿಗೆ ಮತ್ತು ದೂರು: ಮೊದಲ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಆಜೀವ ಮಾತ್ರೆಗಳ ವಿಷಯ, ಎರಡನೇ ಶಸ್ತ್ರಚಿಕಿತ್ಸೆಯ ಸಾಧ್ಯತೆ, ಅದರ ಅಂದಾಜು ವೆಚ್ಚ ಅದರಲ್ಲಿರಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಡಿ ಬೆಂಗಳೂರಿನ ಆಸ್ಪತ್ರೆಗಳ ಮೇಲಿನ ನಮ್ಮ ದೂರುಗಳನ್ನು ಇಲ್ಲಿಯೇ ಸ್ವೀಕರಿಸಿ ಅಲ್ಲಿನ ಪ್ರಾಧಿಕಾರಕ್ಕೆ ಕಳಿಸಬೇಕು. ಎಂಬತ್ತು ಕಿಲೋಮೀಟರ್ ಆಸುಪಾಸು ಅಲೆಯುವ ಶಕ್ತಿ ಎಲ್ಲ ರೋಗಿಗಳಿಗೂ ಇರುವುದಿಲ್ಲ.

10. ನೋಂದಣಿ: ಸ್ವೀಡನ್ 2007ರಿಂದ ಈ ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲಾತಿ ನಡೆಸುತ್ತಿದೆ. ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು, ಎಷ್ಟು ಮಂದಿಗೆ ಮತ್ತೆ ಬೇಕಾಯಿತು, ಏಕೆ ಎಂಬ ಲೆಕ್ಕ ಕರ್ನಾಟಕದಲ್ಲೂ ಕಡ್ಡಾಯವಾಗಬೇಕು. ಆರಂಭಕ್ಕೆ ನಮ್ಮ ತಾಲ್ಲೂಕಿನ ಪಟ್ಟಿಯನ್ನು, ಹೆಸರುಗಳ ಗೋಪ್ಯತೆ ಕಾಪಾಡಿಕೊಂಡು, ಆರೋಗ್ಯ ಇಲಾಖೆಯೇ ಸಿದ್ಧಪಡಿಸಲಿ.

ಇವುಗಳಲ್ಲಿ 2ರಿಂದ 5ರವರೆಗಿನ ಬೇಡಿಕೆಗಳನ್ನು ಜಿಲ್ಲಾಡಳಿತ ಈಗಿರುವ ಸಿಬ್ಬಂದಿಯಿಂದಲೇ ಆರಂಭಿಸಬಹುದು. ಉಳಿದವಕ್ಕೆ ತಮ್ಮ ಶಿಫಾರಸು ಪತ್ರ ಬಲ ಕೊಡುತ್ತದೆ. 30 ದಿನಗಳೊಳಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಇಎಸ್‌ಐ ಮತ್ತು ಕಾರ್ಮಿಕ ಇಲಾಖೆಯ ಅಧಿಕಾರಿಗಳೊಂದಿಗೆ ಗೌರಿಬಿದನೂರಿನಲ್ಲಿ ಸಭೆ ಕರೆದು ನಮ್ಮ ಅಹವಾಲು ಆಲಿಸಬೇಕು, ಪ್ರತಿ ಬೇಡಿಕೆಗೂ ಲಿಖಿತ ಉತ್ತರ ಕೊಡಬೇಕು ಎಂದು ಕೋರುತ್ತೇವೆ. ನಮ್ಮಲ್ಲಿರುವ ವರದಿಗಳು, ಬಿಲ್ಲುಗಳು, ವಿಮಾ ಕಂಪನಿಗಳ ತಿರಸ್ಕಾರ ಪತ್ರಗಳನ್ನು ಆ ಸಭೆಗೆ ತರುತ್ತೇವೆ. ಮುಂದೆ ಈ ಶಸ್ತ್ರಚಿಕಿತ್ಸೆಗೆ ಹೋಗುವವರು ನಮ್ಮಂತೆ ದಿಕ್ಕು ತೋಚದೆ ನಿಲ್ಲದಂತೆ, ತಾಲ್ಲೂಕು ಕ್ಲಿನಿಕ್‌ನಲ್ಲಿ ಅವರ ಜೊತೆ ಕೂತು ತಿಳಿಹೇಳಲು ನಾವು ಸಿದ್ಧರಿದ್ದೇವೆ. ಸೂಕ್ತ ಆದೇಶ ಹೊರಡಿಸಿ ಸಹಕರಿಸಬೇಕೆಂದು ಪ್ರಾರ್ಥಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಕುಟುಂಬದವರು
(ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ಕುಡುಮಲಕುಂಟೆ, ಗೌರಿಬಿದನೂರು ತಾಲ್ಲೂಕು

ಪ್ರತಿಗಳು:
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಚಿಕ್ಕಬಳ್ಳಾಪುರ
ಕಾರ್ಯನಿರ್ವಾಹಕ ನಿರ್ದೇಶಕರು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು
ಪ್ರಾದೇಶಿಕ ನಿರ್ದೇಶಕರು, ನೌಕರರ ರಾಜ್ಯ ವಿಮಾ ನಿಗಮ, ಬೆಂಗಳೂರು
ಮಾನ್ಯ ಶಾಸಕರು, ಗೌರಿಬಿದನೂರು ವಿಧಾನಸಭಾ ಕ್ಷೇತ್ರ