ತೆರೆಯ ಮೇಲಿನ ಹೆಣ್ಣು ಯಾರ ಕಣ್ಣಿನ ಹೆಣ್ಣು?

ಗಡಿನಾಡಿನ ಕನ್ನಡಿಗರಾದ ನಾವು ಮಲೆಯಾಳ ಚಿತ್ರಗಳನ್ನೂ ಕನ್ನಡ ಚಿತ್ರಗಳನ್ನೂ ನಮ್ಮವೆಂದೇ ನೋಡುತ್ತ ಬಂದವರು. ಆದುದರಿಂದ ಈ ಎರಡು ಚಿತ್ರರಂಗಗಳು ಹೆಣ್ಣನ್ನು ಕಾಣುವ ಬಗೆಯನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ಅವಕಾಶವೂ ಹೊಣೆಯೂ ನಮಗಿದೆ.

ಚಿತ್ರದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕ್ಯಾಮರಾ, ನಾಯಕ, ಪ್ರೇಕ್ಷಕ ಈ ಮೂವರ ಕಣ್ಣುಗಳೂ ಅಲ್ಲಿ ಒಂದಾಗುತ್ತವೆ ಎಂದು ಬ್ರಿಟನ್ನಿನ ವಿದುಷಿ ಲಾರಾ ಮಲ್ವಿ 1975ರಲ್ಲಿ ಹಾಲಿವುಡ್ ಚಿತ್ರಗಳನ್ನು ಕುರಿತು ಬರೆದರು. ಆ ಮಾತು ನಮಗೆ ಹೊರಗಿನದಲ್ಲ. ನಾಯಕಿ ಮೊದಲು ಸೊಂಟವಾಗಿ, ಕೊರಳಾಗಿ ಕಾಣಿಸಿಕೊಂಡು ಆಮೇಲಷ್ಟೇ ಮುಖವಾಗುವುದನ್ನು ನಾವು ಕಂಡಿಲ್ಲವೇ? ಹಿಂಬಾಲಿಸಿ ಪೀಡಿಸಿದವನಿಗೇ ಅವಳು ಒಲಿಯುವುದನ್ನು, 'ಸೊಕ್ಕಿನ ಹೆಣ್ಣನ್ನು' ನಾಯಕನು ಬಗ್ಗಿಸಿದಾಗ ಶಿಳ್ಳೆ ಬೀಳುವುದನ್ನು ಕೇಳಿಲ್ಲವೇ?

ತೆರೆಯ ಮೇಲಿನ ಈ ದೃಷ್ಟಿಗೂ ತೆರೆಯ ಹಿಂದಿನ ನಡವಳಿಕೆಗೂ ಸಂಬಂಧವಿಲ್ಲವೆನ್ನಲಾಗದು. 2017ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರ ಮೇಲೆ ದೌರ್ಜನ್ಯ ನಡೆದ ಬಳಿಕ ಕೇರಳ ಸರಕಾರವು ನ್ಯಾಯಮೂರ್ತಿ ಹೇಮಾ ಸಮಿತಿಯನ್ನು ನೇಮಿಸಿತು. 2019ರ ಡಿಸೆಂಬರಿನಲ್ಲಿ ಸಲ್ಲಿಕೆಯಾದ ವರದಿ ಜನರ ಕೈಗೆ ಬಂದುದು 2024ರ ಆಗಸ್ಟ್ 19ರಂದು, ಅದೂ ಹಲವು ಭಾಗಗಳನ್ನು ಕಳೆದು. ಅವಕಾಶಕ್ಕೆ ದೇಹವನ್ನೇ ಬೆಲೆಯಾಗಿ ಕೇಳುವುದರಿಂದ ಹಿಡಿದು ಚಿತ್ರೀಕರಣದ ಸ್ಥಳದಲ್ಲಿ ಶೌಚಾಲಯವೂ ಇಲ್ಲದಿರುವವರೆಗೆ ಅದು ದಾಖಲಿಸಿದೆ. ಕನ್ನಡ ಚಿತ್ರರಂಗವಾದರೂ ಬೀಗುವಂತಿಲ್ಲ. ಅಂತಹುದೇ ಸಮಿತಿ ಬೇಕೆಂದು 2024ರ ಸೆಪ್ಟೆಂಬರಿನಲ್ಲಿ 'ಫೈರ್' ಸಂಘಟನೆಯು ಕರ್ನಾಟಕದ ಮುಖ್ಯಮಂತ್ರಿಗಳ ಮುಂದೆ ಹೋಗಬೇಕಾಯಿತು.

ಜನ ಕೇಳುವುದನ್ನೇ ಕೊಡುತ್ತೇವೆ ಎಂಬುದು ನಿರ್ಮಾಪಕರ ಹಳೆಯ ಸಮಜಾಯಿಷಿ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ 'ಶರಪಂಜರ'ವನ್ನು ಇದೇ ಜನರಲ್ಲವೇ ಮುಗಿಬಿದ್ದು ನೋಡಿದ್ದು? ಮನಸ್ಸು ನೊಂದ ಗೃಹಿಣಿಯ ಸಂಕಟವನ್ನು ಅಲ್ಲಿ ಅವಳ ಪಕ್ಕದಲ್ಲಿ ನಿಂತು ಕಂಡೆವು. ಎಂ.ಕೆ. ಇಂದಿರಾ ಅವರ ಕೃತಿಯನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ 'ಫಣಿಯಮ್ಮ'ನನ್ನು ಕೊಟ್ಟರು. ಮಲೆಯಾಳದಲ್ಲಿ ಜಿಯೋ ಬೇಬಿಯವರ 'ದಿ ಗ್ರೇಟ್ ಇಂಡಿಯನ್ ಕಿಚನ್' (2021) ಒಲೆ, ಎಂಜಲು, ಕೊಳಕು ನೀರಿನ ನಡುವೆಯೇ ಕ್ಯಾಮರಾವನ್ನು ನಿಲ್ಲಿಸಿ ಎಷ್ಟೋ ಮನೆಗಳನ್ನು ಕಸಿವಿಸಿಗೊಳಿಸಿತು. ಇವರಲ್ಲಿ ಇಬ್ಬರು ನಿರ್ದೇಶಕರು ಗಂಡಸರು. ಎಂದಮೇಲೆ ದೋಷ ಹುಟ್ಟಿನದಲ್ಲ, ನಿಂತು ನೋಡುವ ಜಾಗದ್ದು.

ಸೆನ್ಸಾರಿನ ಕತ್ತರಿಯಿಂದ ಇದು ನೇರ್ಪಾಗದು. ಮೈತುಂಬ ಸೀರೆಯುಟ್ಟವಳನ್ನೂ ಬೊಂಬೆಯಾಗಿಸಬಹುದು. ಬದಲಾಗಬೇಕಾದುದು ಉಡುಪಲ್ಲ, ನೋಟ. ಹೆಂಗಸರು ಬರೆಯುವ, ನಿರ್ದೇಶಿಸುವ ಅವಕಾಶಗಳು ಹೆಚ್ಚಬೇಕು. ಚಿತ್ರರಂಗದಲ್ಲಿ ದೂರು ಕೊಟ್ಟವಳು ಕೆಲಸ ಕಳಕೊಳ್ಳುವಂತಾಗಬಾರದು.

ಪ್ರೇಕ್ಷಕರಾದ ನಮ್ಮ ಪಾಲೂ ಇದೆ. ಟಿಕೇಟಿನ ಹಣ ನಮ್ಮದು, ಶಿಳ್ಳೆಯೂ ನಮ್ಮದೇ. ಮನೆಮಂದಿಯೆಲ್ಲ ಕೂಡಿ ಚಿತ್ರ ನೋಡಿದ ಮೇಲೆ ಕತೆ ಹೇಗಿತ್ತೆಂದು ಕೇಳುವುದರ ಜತೆಗೆ, ಅದು ಯಾರ ಕಣ್ಣಿನಿಂದ ಕಂಡ ಕತೆ ಎಂದು ಮಕ್ಕಳನ್ನು, ಮುಖ್ಯವಾಗಿ ಗಂಡುಮಕ್ಕಳನ್ನು, ಕೇಳೋಣ.