ರಸ್ತೆ ಅಗಲವಾಯಿತು, ಅಂಗಡಿಯವನ ಪಾಲೆಲ್ಲಿ?

ಹೊನ್ನಾವರದ ಪೇಟೆ ಬದುಕಿರುವುದು ಎರಡು ದಾರಿಗಳು ಕೂಡುವುದರಿಂದ. ತುಮಕೂರು, ಶಿವಮೊಗ್ಗ, ಸಾಗರಗಳ ಕಡೆಯಿಂದ ಗೇರುಸೊಪ್ಪೆಯ ಘಟ್ಟವಿಳಿದು ಬರುವ ರಸ್ತೆ ಇಲ್ಲಿಯೇ ಕರಾವಳಿಯ ಹೆದ್ದಾರಿಯನ್ನು ಸೇರುತ್ತದೆ. ಅದಕ್ಕೆ ಮೊದಲು 206 ಎಂಬ ಸಂಖ್ಯೆಯಿತ್ತು, ಈಗ 69. ಇದು 17 ಇದ್ದದ್ದು 66 ಆಗಿದೆ. ಸಂಖ್ಯೆ ಬದಲಾದುದರಿಂದ ಯಾರ ಅಂಗಡಿಯೂ ಹೋಗಲಿಲ್ಲ. ಅಗಲ ಬದಲಾದುದರಿಂದ ಹೋಗುತ್ತದೆ.

ದಾರಿಯನ್ನು ನಂಬಿದ ಊರಿನ ಪಾಡು ಕುಮಟೆಯವರಿಗೆ ಗೊತ್ತು. 1860ರ ದಶಕದಲ್ಲಿ, ಅಮೇರಿಕದ ಅಂತರ್ಯುದ್ಧದ ಕಾಲಕ್ಕೆ, ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗೇರುತ್ತಿತ್ತು. ಆ ಹತ್ತಿಗೆ ಊರಿನ ಹೆಸರೇ ಬಿದ್ದಿತು. 1880ರ ದಶಕದಲ್ಲಿ ಮರ್ಮಗೋವೆಗೆ ರೈಲಾಯಿತು. ಹತ್ತಿ ಆ ಕಡೆ ತಿರುಗಿತು. ಹೊರೆ ಹೊತ್ತ ಹಮಾಲರನ್ನು ಆಗ ಯಾರು ಕೇಳಿದರು?

ಇಂದಿನ ಮಾತು ಬೇರೆ. ಈಗ ಕೇಳಲು ಕಾನೂನಿದೆ. ಹೆದ್ದಾರಿಗೆ ಜಾಗ ಹೋದಾಗ ಕಟ್ಟಡದ ಯಜಮಾನನಿಗೆ ಪರಿಹಾರ ಬರುತ್ತದೆ, ಬರಲಿ. ಆದರೆ ಅದೇ ಕಟ್ಟಡದಲ್ಲಿ ಬಾಡಿಗೆಗೆ ಕೂತು ಚಹಾ ಮಾರಿದವನು, ಸೈಕಲ್ ರಿಪೇರಿ ಮಾಡಿದವನು, ಅಂಗಿ ಹೊಲಿದವನು ತನಗೇನೂ ಇಲ್ಲವೆಂದು ತಿಳಿದು ಬಾಗಿಲೆಳೆದು ಹೋಗುತ್ತಾನೆ. ಹಾಗೆ ಹೋಗಬೇಕಾಗಿಲ್ಲ. 2013ರ ಭೂಸ್ವಾಧೀನ ಕಾಯಿದೆ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲಿ ದುಡಿದು ಅದರಿಂದಲೇ ಹೊಟ್ಟೆ ಹೊರೆದವರನ್ನೂ, ನೆಲವಿಲ್ಲದಿದ್ದರೂ, ಬಾಧಿತ ಕುಟುಂಬವೆಂದೇ ಎಣಿಸುತ್ತದೆ. ಸಣ್ಣ ವ್ಯಾಪಾರಿಗೆ, ಕುಶಲಕರ್ಮಿಗೆ ಒಂದು ಸಲದ ನೆರವು ಕನಿಷ್ಠ 25,000 ರೂಪಾಯಿ. ಈ ಪುನರ್ವಸತಿಯ ಭಾಗ 1-1-2015ರಿಂದ ರಾಷ್ಟ್ರೀಯ ಹೆದ್ದಾರಿಗಳ ಸ್ವಾಧೀನಕ್ಕೂ ಅನ್ವಯಿಸುತ್ತದೆ. ಮೊತ್ತವೇನೋ ಹೊಸ ಅಂಗಡಿಯ ಮುಂಗಡಕ್ಕೂ ಸಾಲದು. ಆದರೂ ಅದು ಭಿಕ್ಷೆಯಲ್ಲ, ಹಕ್ಕು.

ರಸ್ತೆಯಂಚಿನಲ್ಲಿ ಬುಟ್ಟಿಯಿಟ್ಟು ಮೀನು ಮಾರುವ ಹೆಂಗಸರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯಿದೆ. ಗಣತಿ ಮುಗಿಯುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಇದನ್ನು ಅವರ ಬುಟ್ಟಿ ಎತ್ತಿಸುವ ಸಾಹೇಬರು ಓದಿರುತ್ತಾರೆ. ಬುಟ್ಟಿಯವರಿಗೆ ಓದಿ ಹೇಳುವುದಿಲ್ಲ.

ಗಿರಣಿಯಿಂದ ರಾತ್ರಿ ಸೈಕಲ್ ತಳ್ಳಿಕೊಂಡು ಬರುವವನು ನಾಲ್ಕು ಪಥ ದಾಟಬೇಕೆಂಬುದೂ ಇದರ ಜೊತೆಗೇ ಉಂಟು. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಸದ್ಯಕ್ಕೆ ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆಯ ಬಾಡಿಗೆದಾರರು ಬಾಡಿಗೆ ಚೀಟಿ, ಪರವಾನಗಿ, ಹಳೆಯ ಕರೆಂಟು ಬಿಲ್ಲುಗಳನ್ನು ಹುಡುಕಿ ಒಟ್ಟಿಡಲಿ, ಒಬ್ಬೊಬ್ಬರಾಗಿ ಅಲ್ಲದೆ ಗುಂಪಾಗಿ ಅರ್ಜಿ ಕೊಡಲಿ. ಬಾಧಿತರ ಪಟ್ಟಿಯನ್ನು ಆಯಾ ತಹಶೀಲ್ದಾರರ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು. ನಮ್ಮ ಮೊದಲ ಬೇಡಿಕೆ ಇದು.